ಚಿಕ್ಕಮಗಳೂರಲ್ಲಿ ಬಾಡಿಗೆ ಮನೆ, ಕರೆಂಟ್ ಕಾರು: ಎಲ್ಲಿ ಚಾರ್ಜ್ ಮಾಡ್ತೀರಪ್ಪಾ?

ವರ್ಗಾವಣೆ_ಪ್ರಾಣಿ (ಭಾನುವಾರ, ಬೆಳಿಗ್ಗೆ 10.12)

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಬೆಂಗಳೂರಿಂದ ಚಿಕ್ಕಮಗಳೂರಿಗೆ ವರ್ಗವಾಗಿ ಬಂದೆ. ಹಿರೇಮಗಳೂರು ಕಡೆ ಮೇಲ್ಮಹಡಿ ಬಾಡಿಗೆ ಮನೆ. ಕಾರು ಗೇಟಿನ ಒಳಗೆ ಮಾಲೀಕರ ಕಾರಿನ ಹಿಂದೆ ನಿಲ್ಲುತ್ತೆ, ಅಲ್ಲಿ ಪಾಯಿಂಟ್ ಇಲ್ಲ. 30 ಯೂನಿಟ್ ಬ್ಯಾಟರಿಯ ಹಳೇ ಗಾಡಿ. ಬೆಂಗಳೂರಲ್ಲಿ ಬೇಸ್‌ಮೆಂಟಲ್ಲಿ ಸಾಕೆಟ್ ಇತ್ತು, ರಾತ್ರಿ ಸಿಕ್ಕಿಸಿದರೆ ಬೆಳಿಗ್ಗೆ ಫುಲ್. ಹೊರಗೆ ಚಾರ್ಜ್ ಮಾಡೋದು ಅಂದರೇನು ಅಂತಲೇ ಮೂರು ವರ್ಷ ಗೊತ್ತಿರಲಿಲ್ಲ. ಈಗ ಗೊತ್ತಾಗ್ತಿದೆ.

ನಿನ್ನೆ ರಾತ್ರಿ ಬಾಳೆಹೊನ್ನೂರು ಕಡೆಯಿಂದ ವಾಪಸ್ ಬರುವಾಗ 11 ಪರ್ಸೆಂಟ್ ಉಳಿದಿತ್ತು. ಮ್ಯಾಪಲ್ಲಿ ಊರೊಳಗೆ ಎಂಟೊಂಬತ್ತು ಹಸಿರು ಚುಕ್ಕೆ. ಮೊದಲನೇದು ಒಂದು ಹೋಟೆಲಿನ ಹಿಂದಿನ ಪಾರ್ಕಿಂಗಲ್ಲಿ. ಹೋದರೆ ಗನ್ನಿನ (ಕಾರಿಗೆ ಸಿಕ್ಕಿಸೋ ಚಾರ್ಜರ್ ಹಿಡಿ) ಮುಂದೆ ಅಡ್ಡಡ್ಡ ಒಂದು ಟೆಂಪೋ ಟ್ರಾವೆಲರ್. ವಾಚ್‌ಮನ್ನನ್ನ ಕೇಳಿದೆ. "ಡ್ರೈವರು ಒಳಗೆ ಮಲಗವ್ನೆ ಮೇಡಂ, ಬೆಳಿಗ್ಗೆ ಐದಕ್ಕೆ ಸನ್‌ರೈಸ್‌ಗೆ ಹೋಗ್ತಾರಂತೆ." ಗಾಜು ತಟ್ಟಿದೆ. ಕಂಬಳಿ ಒಮ್ಮೆ ಅಲ್ಲಾಡ್ತು, ಅಷ್ಟೆ.

ಎರಡನೇ ಕಡೆ ಜಾಗ ಇತ್ತು, ಪರದೆ ಕಪ್ಪು. ಅಲ್ಲಿಯ ಹುಡುಗ "ಯಾರೂ ಬರಲ್ವಲ್ಲ, ಅದಕ್ಕೇ ಎಂಸಿಬಿ ಇಳಿಸಿಟ್ಟಿದೀವಿ" ಅಂತ ಆ ಸ್ವಿಚ್ ಎತ್ತಿ ಕೊಟ್ಟ. ಚಾರ್ಜರ್ ಎದ್ದು ಕೂರೋಕೆ ಐದು ನಿಮಿಷ. ಆಮೇಲೆ ಅದರದೇ ಆ್ಯಪ್ ಬೇಕು, ಅದಕ್ಕೆ ಒಟಿಪಿ ಬೇಕು, ವ್ಯಾಲೆಟ್‌ಗೆ ದುಡ್ಡು ಹಾಕಬೇಕು. ಹಿಂದಿನ ಸೀಟಲ್ಲಿ ಮಗ ನಿದ್ದೆ, ನಾನು ಮಂಜಲ್ಲಿ ಶಾಲು ಹೊದ್ದು ಒಟಿಪಿಗೆ ಕಾಯ್ತಾ ನಿಂತಿದ್ದು 25 ನಿಮಿಷ. ಕೊನೆಗೆ ಶುರುವಾಯ್ತು, 80 ಪರ್ಸೆಂಟ್ ಆಗೋ ಹೊತ್ತಿಗೆ ಹನ್ನೊಂದೂಮುಕ್ಕಾಲು.

ನನ್ನ ಪ್ರಶ್ನೆ ಎರಡು. ಒಂದು, ಮನೆ ಪಾಯಿಂಟ್ ಇಲ್ಲದೆ ಈ ಊರಲ್ಲಿ ಇವಿ (ಕರೆಂಟ್ ಗಾಡಿ) ಇಟ್ಟುಕೊಂಡವರು ಹೇಗೆ ನಿಭಾಯಿಸ್ತೀರಿ? ಎರಡು, ಆಫೀಸಲ್ಲಿ ಎಲ್ಲರೂ "ಇಲ್ಲಿಯ ಚಳಿಗೆ ಬ್ಯಾಟರಿ ಸತ್ತೇ ಹೋಗುತ್ತೆ" ಅಂತ ಹೆದರಿಸ್ತಿದಾರೆ. ನಿಜವಾ?

ಡೀಸೆಲ್_ದಾಸ (10.31)

ಒಂದೇ ಉತ್ತರ: ಮಾರಿ. ನಾನು ಐದು ನಿಮಿಷಕ್ಕೆ ಟ್ಯಾಂಕ್ ತುಂಬಿಸಿ ಹೊರನಾಡಿಗೆ ಹೋಗಿ ಬರ್ತೀನಿ. ಚಳಿ ದೇಶದವರೇ ಈ ಗಾಡಿ ಬೇಡ ಅಂತ ಬಿಸಾಕ್ತಿದಾರಂತೆ.

ಹಾಸನ_ಹೈವೇ (11.05)

ದಾಸಣ್ಣ, ಬೆಳಿಗ್ಗೆ ಬೆಳಿಗ್ಗೆನೇ ಶುರು ಮಾಡ್ಬಿಟ್ರಾ.

ಮೇಡಂ, ನಂದು ಹಾಸನ. ಇವಿ ಟ್ಯಾಕ್ಸಿ ಓಡಿಸ್ತೀನಿ, ವಾರಕ್ಕೆ ಎರಡು ಮೂರು ಸಲ ಚಿಕ್ಕಮಗಳೂರಿಗೆ ಟ್ರಿಪ್ ಇರುತ್ತೆ. ನಿಮಗಾಗಿದ್ದು ನನಗೂ ಹತ್ತು ಸಲ ಆಗಿದೆ. ನಾನು ಕಲ್ತಿದ್ದು ಹೇಳ್ತೀನಿ.

ಮ್ಯಾಪಲ್ಲಿ ಹಸಿರು ಚುಕ್ಕೆ ಕಂಡರೆ ಅಲ್ಲಿ ಚಾರ್ಜರ್ ಅನ್ನೋ ಡಬ್ಬ ಇದೆ ಅಂತ ಅರ್ಥ, ಅಷ್ಟೆ ಕಣಕ್ಕ. ಕೆಲಸ ಮಾಡುತ್ತೆ ಅಂತಲ್ಲ. ನಾನು ಪ್ಲಗ್‌ಶೇರ್ ಆ್ಯಪ್‌ನಲ್ಲಿ ಕೊನೇ ಸಲ ಯಾರು ಯಾವತ್ತು ಚಾರ್ಜ್ ಮಾಡಿ ಬರೆದಿದಾರೆ ಅಂತ ನೋಡ್ತೀನಿ. ಎರಡು ತಿಂಗಳಿಂದ ಯಾರೂ ಬರೆದಿಲ್ಲ ಅಂದ್ರೆ ಆ ಕಡೆ ತಲೆ ಹಾಕಲ್ಲ. ನೆಟ್‌ವರ್ಕಿನ ಸ್ವಂತ ಆ್ಯಪ್‌ಗಳು, ಬೆಸ್ಕಾಂನವರ ಇವಿ ಮಿತ್ರ, ಇವೆಲ್ಲ ಫೋನಲ್ಲಿ ಇರಲಿ. ಆದ್ರೆ ಮನೇಲಿ ಕೂತು, ಸಿಗ್ನಲ್ ಇದ್ದಾಗ ಲಾಗಿನ್ ಆಗಿ ನೂರೋ ಇನ್ನೂರೋ ಹಾಕಿಟ್ಕೊಳಿ. ಬೀದೀಲಿ ನಿಂತು ಒಟಿಪಿಗೆ ಕಾಯೋದು ಇನ್ನೊಂದ್ಸಲ ಬೇಡ.

ಆಮೇಲೆ ಗನ್ ಯಾವುದು ಅಂತ ನೋಡಿ. ನಿಮ್ಮ ಗಾಡಿಗೆ ಸಿಸಿಎಸ್-2 ಬೇಕು. ಹಳೇ ಚಾರ್ಜರ್ ಕೆಲವು ಭಾರತ್ ಡಿಸಿ-001, 15 ಕಿಲೋವ್ಯಾಟ್‌ದು. ಮ್ಯಾಪಲ್ಲಿ ಡಿಸಿ (ಫಾಸ್ಟ್ ಚಾರ್ಜರ್) ಅಂತಲೇ ತೋರಿಸುತ್ತೆ, ಹೋಗಿ ನೋಡಿದ್ರೆ ಗನ್ನೇ ಕೂರಲ್ಲ. ಹಾಗೇನೇ 60 ಕಿಲೋವ್ಯಾಟ್ ಅಂತ ಬೋರ್ಡಿದ್ದು ಎರಡು ಗನ್ ಇದ್ರೆ, ಪಕ್ಕದಲ್ಲಿ ಇನ್ನೊಬ್ಬ ಹಾಕ್ಕೊಂಡ ತಕ್ಷಣ ಎಷ್ಟೋ ಕಡೆ ನಿಮಗೆ 30 ಮಾತ್ರ ಬರುತ್ತೆ. "ಯಾಕೆ ಸ್ಲೋ ಆಯ್ತು" ಅಂತ ಹೆಲ್ಪ್‌ಲೈನಿಗೆ ಬೈಬೇಡಿ, ನಾನು ಬೈದಿದೀನಿ.

ಬೆಂಗಳೂರು ಕಡೆ ಹೋಗೋದಾದ್ರೆ ತಲೆಬಿಸಿ ಇಲ್ಲ. ಚನ್ನರಾಯಪಟ್ಟಣ, ಬೆಳ್ಳೂರು ಕ್ರಾಸ್, ಯಡಿಯೂರು ಅಂತ ಎನ್‌ಎಚ್ 75ರ ಉದ್ದಕ್ಕೂ ಹೋಟೆಲ್ ಸಾಲು, ಒಂದಿಲ್ಲ ಅಂದ್ರೆ ಇನ್ನೊಂದು. ಹಾಸನ ಬಿಟ್ಟು ಬೇಲೂರು ಕಡೆ ತಿರುಗಿದ ಮೇಲೆ ನಾನು ಯಾವ ಚುಕ್ಕೇನೂ ನಂಬಲ್ಲ. ಹಾಸನದಿಂದ ನಿಮ್ಮೂರಿಗೆ 60 ಕಿ.ಮೀ. ಹೋಗಿ ಬರೋಕೆ ಆಗೋಷ್ಟು ಹಾಸನದಲ್ಲೇ ತುಂಬಿಸ್ಕೊಂಡು ಬರ್ತೀನಿ.

ಸ್ಕೂಟಿ_ಸವಾರ (11.20)

ಅಕ್ಕ, ಇನ್ನೊಂದು. ಐ.ಜಿ. ರಸ್ತೆ, ಬೇಲೂರು ರಸ್ತೆ ಕಡೆ ಕಾಣೋ ಚುಕ್ಕೆಗಳಲ್ಲಿ ಕೆಲವು ಸ್ಕೂಟರ್‌ದು. ನಮ್ಮ ಸ್ಕೂಟರಿನ ಎಲ್‌ಇಸಿಸಿಎಸ್ ಗನ್ ಬೇರೆ, 2023ರಲ್ಲಿ ಬಿಐಎಸ್ ಒಪ್ಪಿದ ಸ್ಟ್ಯಾಂಡರ್ಡು, ಕಾರಿಗೆ ಬರಲ್ಲ. ಫಿಲ್ಟರಲ್ಲಿ ಕಾರು ಅಂತ ಒತ್ತಿ. ಮೊನ್ನೆ ಒಬ್ಬರು ಕಾರು ತಂದು ನನ್ನ ಸ್ಕೂಟರ್ ಪಕ್ಕ ನಿಲ್ಲಿಸಿ "ಇದರ ಅಡಾಪ್ಟರ್ ಇದ್ಯಾ" ಅಂತ ಕೇಳಿದ್ರು. ಪಾಪ.

ಹೋಂಸ್ಟೇ_ಆಂಟಿ (12.48)

ಅಡಿಗೆ ಮುಗಿಸಿ ಬಂದೆ. ನಮ್ಮದು ಕೈಮರದಿಂದ ಮೇಲೆ. ತೋಟ, ನಾಲ್ಕು ರೂಮು. ಈಗೀಗ ಬರೋ ಹತ್ತು ಬುಕಿಂಗಲ್ಲಿ ಒಬ್ಬರಾದರೂ ಫೋನ್ ಮಾಡಿ ಮೊದಲು ಕೇಳೋದು ಊಟ ಅಲ್ಲ, "ಆಂಟಿ, 15 ಆ್ಯಂಪ್ ಸಾಕೆಟ್ ಇದ್ಯಾ" ಅಂತ.

ಮೊದಲನೇ ವರ್ಷ ನನಗೆ ಗೊತ್ತಾಗ್ಲಿಲ್ಲ ನೋಡಿ. ಇದೆ ಅಂದೆ. ಬಂದವರು ಊಟದ ಹಾಲಿನ ಕಿಟಕಿಯಿಂದ ಎಕ್ಸ್‌ಟೆನ್ಶನ್ ಬೋರ್ಡ್ ಎಳೆದು ಕಾರಿಗೆ ಹಾಕಿ ಮಲಗಿದರು. ಮಧ್ಯರಾತ್ರಿ ಏನೋ ಸುಟ್ಟ ವಾಸನೆ. ಪಕ್ಕದ ತೋಟದಲ್ಲಿ ಯಾರಾದರೂ ಕಾಫಿ ಹುರೀತಿದಾರಾ ಅಂದ್ಕೊಂಡೆ, ಈ ಹೊತ್ತಲ್ಲಿ ಯಾರು ಹುರೀತಾರೆ ಅಂತ ಎದ್ದು ಬಂದರೆ ಬೋರ್ಡಿನ ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಕರಗಿ ನೆಲಕ್ಕೆ ಅಂಟಿದೆ. ಇವರು ಮೇನ್ ಆಫ್ ಮಾಡಿದರು. ಸುಣ್ಣ ಹೊಡೆದ ಗೋಡೆಗೆ ಕಪ್ಪು ಕಲೆ ಇನ್ನೂ ಇದೆ.

ಎರಡನೇ ಸಲ ಬಂದ ಹುಡುಗನ ಚಾರ್ಜರ್ ಕೆಂಪು ಲೈಟ್ ಹಾಕಿ ಸುಮ್ಮನಾಯ್ತು. "ನಿಮ್ಮನೆ ಕರೆಂಟ್ ಸರಿಯಿಲ್ಲ ಆಂಟಿ" ಅಂತ ಮುಖ ಸಪ್ಪೆ ಮಾಡಿದ. ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಅರ್ಥ್ ಗುಂಡಿ ಒಣಗಿ ಬಿರುಕು ಬಿಟ್ಟಿತ್ತು, ಮಾರ್ಚ್ ತಿಂಗಳು. ಉಪ್ಪು, ಇದ್ದಿಲು ಹಾಕಿ ನಾಲ್ಕು ಕೊಡ ನೀರು ಸುರಿದ. ಹಸಿರು ಲೈಟ್ ಬಂತು! ದೇವರಿಗೆ ನೀರು ಹಾಕಿದರೂ ಇಷ್ಟು ಬೇಗ ಫಲ ಸಿಗಲ್ಲ.

ಈಗ ಶೆಡ್ಡಿನಲ್ಲಿ ಬೇರೆ ಲೈನ್ ಎಳೆಸಿ ಸಬ್‌ಮೀಟರ್ ಇಟ್ಟಿದೀನಿ. ಎಷ್ಟು ಯೂನಿಟ್ ಓಡ್ತೋ ಅಷ್ಟಕ್ಕೆ ದುಡ್ಡು. ಫ್ರೀ ಅಂದ್ಕೊಂಡು ಬರೋರು ಒಂದು ರಾತ್ರಿಗೆ 24 ಯೂನಿಟ್ ಎಳೀತಾರೆ, ನಮ್ಮ ಮನೇಲಿ ನಾಲ್ಕು ದಿನಕ್ಕೆ ಅಷ್ಟು ಆಗಲ್ಲ. ಸ್ನಾನಕ್ಕೂ ನಮ್ಮಲ್ಲಿ ಹಂಡೆ ಒಲೆ.

ನಿವೃತ್ತ_ಲೈನ್‌ಮನ್ (2.15)

ಆ ತಾಯಿ ಹೇಳಿದ್ದು ಸರಿ. 15 ಆ್ಯಂಪ್ ಅಂತ ಬರೆದ ಸಾಕೆಟ್ ಎಲ್ಲಾ 15 ಆ್ಯಂಪ್ ತಡೆಯಲ್ಲ. ಮಿಕ್ಸಿ ಐದು ನಿಮಿಷ, ಇಸ್ತ್ರಿ ಅರ್ಧ ಗಂಟೆ. ಕಾರು 3.3 ಕಿಲೋವ್ಯಾಟ್ ಅನ್ನ ಒಂಬತ್ತು ಗಂಟೆ ಬಿಡದೆ ಎಳೆಯುತ್ತೆ. ಸಡಿಲ ಸ್ಕ್ರೂ ಒಂದಿದ್ದರೂ ಅಲ್ಲಿ ಬಿಸಿ. 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಬೇರೆ ಎಂಸಿಬಿ, 30 ಮಿಲಿ ಆ್ಯಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯೋ ಸ್ವಿಚ್), ಒಳ್ಳೆ ಅರ್ಥ್. ಇದರಲ್ಲಿ ಒಂದನ್ನೂ ಬಿಡಬಾರದು.

ನಮ್ಮ ಕಡೆ ತೊಂದರೆ ಚಳಿಯದ್ದಲ್ಲ, ಲೈನಿನದ್ದು. ಆಷಾಢ, ಶ್ರಾವಣದಲ್ಲಿ ಸಿಲ್ವರ್ ಓಕ್ ಮುರಿದು ಲೈನಿನ ಮೇಲೆ ಬಿದ್ದರೆ ಆಲ್ದೂರಿನ ಆಚೆ ಕೆಲವು ಹಳ್ಳಿಗೆ ಎರಡು ಮೂರು ದಿನ ಕರೆಂಟ್ ಬರಲ್ಲ. ಸೊಂಟದವರೆಗೆ ನೀರಲ್ಲಿ ನಿಂತು ಕಂಬ ಹತ್ತಿದವನು ನಾನು, ಯಾರನ್ನೂ ದೂರಲ್ಲ. ಫೆಬ್ರವರಿ, ಮಾರ್ಚಲ್ಲಿ ಕಾಫಿ ಹೂವಿಗೆ ನೀರು ಹೊಡೆಯೋಕೆ ತೋಟದ ಮೋಟಾರುಗಳೆಲ್ಲ ಒಟ್ಟಿಗೆ ಶುರುವಾದರೆ ವೋಲ್ಟೇಜ್ 170ಕ್ಕೆ ಇಳಿದದ್ದು ನೋಡಿದ್ದೇನೆ. ಕಾರಿನ ಚಾರ್ಜರ್ ಕೈ ಎತ್ತುತ್ತೆ. ರಾತ್ರಿ ಹನ್ನೊಂದರ ಮೇಲೆ ಹಾಕಿ.

ಇನ್ನೊಂದು ಮಾತು, ವರ್ಗವಾಗಿ ಬಂದ ಮೇಡಂಗೆ. ಬೇಲೂರು ಹಾಸನ ಜಿಲ್ಲೆ, ಅಲ್ಲಿಗೆ ಕರೆಂಟ್ ಕೊಡೋದು ಮೈಸೂರಿನ ಸೆಸ್ಕ್. ಚಿಕ್ಕಮಗಳೂರಿಗೆ ಮಂಗಳೂರಿನ ಮೆಸ್ಕಾಂ. ಇಲ್ಲಿ ಮಳೆಗೆ ಲೈನ್ ಹೋದಾಗ ಅಲ್ಲಿ ಇರೋ ಸಂಭವ ಉಂಟು. ಕಾರಿನಲ್ಲಿ ಬೇಲೂರು ಮುಟ್ಟುವಷ್ಟು ಯಾವಾಗಲೂ ಇಟ್ಟುಕೊಂಡಿರಿ.

ತೋಟದ_ಹುಡುಗ (2.40)

ನಮ್ಮಲ್ಲಿ ಪಂಪ್‌ಹೌಸಲ್ಲಿ ತ್ರೀಫೇಸ್ ಇದೆ, ಅಲ್ಲಿಂದಲೇ ಕಾರಿಗೆ ಎಳೆದುಬಿಡೋಣ ಅಂತಿದೀನಿ. ಎಂತ ತೊಂದರೆ ಇಲ್ಲ ಅಲ್ವಾ?

ನಿವೃತ್ತ_ಲೈನ್‌ಮನ್ (2.44)

ಉಂಟು ಮಾರಾಯ. ಪಂಪ್‌ಸೆಟ್ ಸಂಪರ್ಕ ನೀರೆತ್ತೋಕೆ ಕೊಟ್ಟದ್ದು. ಅದರಲ್ಲಿ ಬೇರೆ ಕೆಲಸ ಮಾಡಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್, ಅನಧಿಕೃತ ಬಳಕೆ, ದರದ ಎರಡು ಪಟ್ಟು ಹಾಕ್ತಾರೆ. ಮನೆ ಮೀಟರಿಂದ ತಗೋ. ಮನೆಯಲ್ಲಿ ಕಾರಿಗೆ ಚಾರ್ಜ್ ಮಾಡೋಕೆ ಲೈಸೆನ್ಸ್ ಏನೂ ಬೇಡ. ಸ್ಯಾಂಕ್ಷನ್ ಲೋಡ್, ಅಂದರೆ ಮನೆಗೆ ಮಂಜೂರಾದ ಲೋಡ್, ಅದು ಮಾತ್ರ ನೋಡಿಕೋ. 3 ಕಿಲೋವ್ಯಾಟ್ ಲೋಡಿನ ಮನೆಗೆ 3.3 ಕಿಲೋವ್ಯಾಟ್ ಕಾರು ಹಾಕಿದರೆ ಬೇರೆ ಏನೂ ಓಡಿಸೋ ಹಾಗಿಲ್ಲ.

ಮೈನಸ್_ಮೂವತ್ತು (ರಾತ್ರಿ 9.37)

ನನಗೆ ಇಲ್ಲಿ ಇನ್ನೂ ಬೆಳಿಗ್ಗೆ. ಹುಟ್ಟಿದ್ದು ಮೂಡಿಗೆರೆ, ಈಗ ಕೆನಡಾದ ಎಡ್ಮಂಟನ್. ಐದನೇ ಚಳಿಗಾಲ, ಇವಿ ಜೊತೆ ಮೂರನೇದು. ನಾನೂ ಅಪಾರ್ಟ್‌ಮೆಂಟಲ್ಲೇ ಇರೋದು, ಸ್ವಂತ ಚಾರ್ಜರ್ ಇಲ್ಲ. ಹಾಗಾಗಿ ಮೇಡಂ ಅವರ ಎರಡನೇ ಪ್ರಶ್ನೆಗೆ ನಾನು ಉತ್ತರ ಕೊಡಬಹುದು ಅನ್ಸುತ್ತೆ.

ಚಿಕ್ಕಮಗಳೂರಿನ ಚಳಿ ಅಂದರೆ ಡಿಸೆಂಬರ್ ರಾತ್ರಿ 13, 14 ಡಿಗ್ರಿ. ಬ್ಯಾಟರಿಗೆ ಅದು ಚಳಿಯೇ ಅಲ್ಲ. ಲಿಥಿಯಂ ಸೆಲ್‌ಗೆ ನಿಜವಾದ ಗೆರೆ ಸೊನ್ನೆ ಡಿಗ್ರಿ. ಅದರ ಕೆಳಗೆ ಜೋರಾಗಿ ಚಾರ್ಜ್ ಮಾಡಿದರೆ ಲಿಥಿಯಂ ಸೆಲ್ಲಿನಲ್ಲಿರೋ ಗ್ರಾಫೈಟಿನ ಒಳಗೆ ಹೋಗಿ ಕೂರೋ ಬದಲು ಮೇಲ್ಮೈಯಲ್ಲೇ ಲೋಹದ ಪದರವಾಗಿ ಅಂಟುತ್ತೆ, ಬ್ಯಾಟರಿಗೆ ಶಾಶ್ವತ ಪೆಟ್ಟು. ಅದಕ್ಕೇ ಗಾಡಿಯ ಕಂಪ್ಯೂಟರ್ ತಾನೇ ಕರೆಂಟ್ ಕಡಿಮೆ ಮಾಡಿಬಿಡುತ್ತೆ. ನಿಮ್ಮಲ್ಲಿ ರಾತ್ರಿಯೆಲ್ಲ ಹೊರಗೆ ನಿಂತ ಗಾಡಿಯನ್ನ ಬೆಳಿಗ್ಗೆ ಆರಕ್ಕೆ ಡಿಸಿಗೆ ಹಾಕಿದರೆ ಮೊದಲ ಹತ್ತು ನಿಮಿಷ ಸ್ವಲ್ಪ ಮಂದ ಇರಬಹುದು. ಅಷ್ಟೆ. ಆಫೀಸಿನವರಿಗೆ ಒಂದು ಸ್ವೆಟರ್ ಕೊಡಿಸಿ.

ಇಲ್ಲಿಯ ಕತೆ ಬೇರೆ. ಮೊದಲನೇ ಜನವರಿ, ಮೈನಸ್ 31. ಎರಡು ರಾತ್ರಿ ಬಯಲಲ್ಲಿ ನಿಂತಿದ್ದ ಗಾಡಿ. ಶನಿವಾರ ಬೆಳಿಗ್ಗೆ ಎಂಟು ನಿಮಿಷದ ದೂರದ ಫಾಸ್ಟ್ ಚಾರ್ಜರ್‌ಗೆ ಹೋದೆ, 18 ಪರ್ಸೆಂಟ್ ಇತ್ತು. ಕೇಬಲ್ ಅಡಿಕೆ ದಬ್ಬೆ ಥರ ಸೆಟೆದು ನಿಂತಿದೆ, ಬಾಗಲ್ಲ. ಭುಜ ಕೊಟ್ಟು ಬಗ್ಗಿಸಿ ಗನ್ ಕೂರಿಸಿದೆ. ಗ್ಲೌಸ್ ಹಾಕಿದ ಬೆರಳಿಗೆ ಪರದೆ ಓಗೊಡಲ್ಲ, ಗ್ಲೌಸ್ ತೆಗೆದರೆ ಬೆರಳು ಅರ್ಧ ನಿಮಿಷಕ್ಕೆ ಮರ. ಫೋನ್ ಜೇಬಿಂದ ತೆಗೆದೆ, 40 ಪರ್ಸೆಂಟ್ ಇದ್ದದ್ದು ಕಣ್ಣೆದುರೇ ಆಫ್ ಆಯ್ತು, ಅದೂ ಲಿಥಿಯಂ ತಾನೆ! ಕೊನೆಗೆ ಹೇಗೋ ಶುರುವಾಯ್ತು. 50 ಕಿಲೋವ್ಯಾಟ್ ಚಾರ್ಜರ್, ಗಾಡಿ ತಗೊಳ್ತಿದ್ದದ್ದು 6. ಆ ಆರರಲ್ಲೂ ಒಂದು ಪಾಲು ಬ್ಯಾಟರಿ ಬಿಸಿ ಮಾಡೋಕೆ ಹೋಗ್ತಿತ್ತು. ಅಮ್ಮ ಹಂಡೆಗೆ ಸೌದೆ ಒಟ್ಟುತ್ತಾ "ನೀರು ಕಾಯೋವರೆಗೆ ಸುಮ್ನೆ ಕೂರು" ಅಂತಿದ್ದದ್ದು ನೆನಪಾಯ್ತು.

ಅದರ ಮೇಲೆ ಬಿಲ್ಲು. ಕೆನಡಾದಲ್ಲಿ 2023ರವರೆಗೆ ಸಾರ್ವಜನಿಕ ಚಾರ್ಜರ್‌ಗಳು ಯೂನಿಟ್ ಲೆಕ್ಕದಲ್ಲಿ ಮಾರೋ ಹಾಗಿರಲಿಲ್ಲ, ಅಳತೆ ಇಲಾಖೆಯ ಒಪ್ಪಿಗೆ ಪಡೆದ ಮೀಟರ್ ಬೇಕಿತ್ತು. ಹಾಗಾಗಿ ನಿಮಿಷದ ಲೆಕ್ಕ. ಇಲಾಖೆ ವಿನಾಯಿತಿ ಕೊಟ್ಟ ಮೇಲೂ ಎಲ್ಲರೂ ಕೂಡಲೇ ಬದಲಾಯಿಸಲಿಲ್ಲ, ಆ ಚಾರ್ಜರೂ ನಿಮಿಷದ್ದೇ. ಅಂದರೆ ಚಳಿ ಜಾಸ್ತಿ ಆದಷ್ಟೂ ಕರೆಂಟ್ ನಿಧಾನ, ಕರೆಂಟ್ ನಿಧಾನ ಆದಷ್ಟೂ ದುಡ್ಡು ಜಾಸ್ತಿ. ನಿಮ್ಮಲ್ಲಿ ಯೂನಿಟ್ ಲೆಕ್ಕ ಇರೋದು ಪುಣ್ಯ ಅಂದ್ಕೊಳಿ.

ಆಮೇಲೆ ಬುದ್ಧಿ ಬಂತು. ಬೆಳಿಗ್ಗೆ ಹೋಗೋದು ಬಿಟ್ಟೆ. ಎಲ್ಲಾದರೂ ಅರ್ಧ ಗಂಟೆ ಓಡಿಸಿ, ಬ್ಯಾಟರಿ ಬೆಚ್ಚಗಿರುವಾಗಲೇ, ಮನೆಗೆ ವಾಪಸ್ ಬರೋ ದಾರಿಯಲ್ಲೇ ಚಾರ್ಜ್ ಮಾಡಿಬಿಡ್ತೀನಿ. ಗಾಡಿಯದೇ ಮ್ಯಾಪಲ್ಲಿ ಚಾರ್ಜರನ್ನ ಗುರಿ ಅಂತ ಹಾಕಿದರೆ ಅದು ದಾರಿಯಲ್ಲೇ ಬ್ಯಾಟರಿ ಕಾಯಿಸುತ್ತೆ. ಫೋನಿಗೆ ಬದಲಾಗಿ ಕಾರ್ಡು ಇಟ್ಟಿದೀನಿ, ಪರದೆಗೆ ತಾಗಿಸಿದರೆ ಸಾಕು. ಮತ್ತೆ ಚಾರ್ಜರ್ ಹುಡುಕುವಾಗ ವೇಗಕ್ಕಿಂತ ಮೊದಲು ನೋಡೋದು ಸೂರು ಇದೆಯಾ ಅಂತ. ಮಾಲಿನ ನೆಲಮಾಳಿಗೆಯ 7 ಕಿಲೋವ್ಯಾಟ್ ಚಾರ್ಜರ್, ಬಯಲಲ್ಲಿ ನಿಂತ 50ಕ್ಕಿಂತ ನನಗೆ ಎಷ್ಟೋ ಸಲ ಮೇಲು. ಬಯಲಿನದ್ದರ ಮುಂದೆ ಹಿಮ ತಳ್ಳೋ ಗಾಡಿಯವರು ಗುಡ್ಡೆ ಹಾಕಿ ಹೋಗಿರ್ತಾರೆ. ನಿಮ್ಮ ಟೆಂಪೋ ಟ್ರಾವೆಲರ್ ಇದ್ದ ಹಾಗೇ, ಅದಾದರೂ ಬೆಳಿಗ್ಗೆ ಐದಕ್ಕೆ ಎದ್ದು ಹೋಗುತ್ತೆ.

ದಾಸಣ್ಣಂಗೆ: ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ನೂರಕ್ಕೆ 89 ಪೂರ್ತಿ ಎಲೆಕ್ಟ್ರಿಕ್. ಬಿಸಾಕ್ತಿದ್ದರೆ ಎಲ್ಲಿ ಬಿಸಾಕ್ತಿದಾರೆ ಹೇಳಿ, ಎತ್ತಿಕೊಂಡು ಬರ್ತೀನಿ.

ಡೀಸೆಲ್_ದಾಸ (9.52)

ಷಿಕಾಗೋದಲ್ಲಿ ಗಾಡಿಗಳು ಸಾಲಾಗಿ ಸತ್ತು ಬಿದ್ದ ವಿಡಿಯೋ ನಾನೇ ನೋಡಿದೀನಿ.

ಮೈನಸ್_ಮೂವತ್ತು (10.08)

ನಿಜ, 2024ರ ಜನವರಿ. ಸುಳ್ಳಲ್ಲ ಅದು. ತುಂಬಾ ಜನ ತಣ್ಣಗಾದ ಬ್ಯಾಟರಿ ಜೊತೆ, ಕಡಿಮೆ ಚಾರ್ಜಲ್ಲಿ ಬಂದರು, ಒಬ್ಬೊಬ್ಬರಿಗೂ ಹೊತ್ತು ಹಿಡಿಯಿತು, ಕೆಲವು ಚಾರ್ಜರ್ ಕೆಟ್ಟಿದ್ದವು, ಕ್ಯೂ ಬೆಳೆಯಿತು, ಕ್ಯೂನಲ್ಲಿ ಹೀಟರ್ ಹಾಕ್ಕೊಂಡು ಕಾದವರ ಬ್ಯಾಟರಿ ಅಲ್ಲೇ ಮುಗೀತು. ಹೀಟರೇ ದೊಡ್ಡ ಕಳ್ಳ. ಅಮೆರಿಕದ ವಾಹನ ಸವಾರರ ಸಂಸ್ಥೆ ಎಎಎ 2019ರಲ್ಲಿ ಪರೀಕ್ಷೆ ಮಾಡಿದಾಗ ಮೈನಸ್ 7 ಡಿಗ್ರಿಯಲ್ಲಿ ಹೀಟರ್ ಇಲ್ಲದೆ ರೇಂಜ್ (ಒಂದು ಫುಲ್ ಚಾರ್ಜಿಗೆ ಓಡೋ ದೂರ) ಶೇ 12 ಇಳಿದಿತ್ತು, ಹೀಟರ್ ಹಾಕಿದಾಗ ಶೇ 41. ಎಡ್ಮಂಟನ್‌ನಿಂದ ಕ್ಯಾಲ್ಗರಿಗೆ 300 ಕಿ.ಮೀ. ಬೇಸಿಗೆಯಲ್ಲಿ ನಡುವೆ ನಿಲ್ಲದೆ ಹೋಗ್ತೀನಿ, ಜನವರಿಯಲ್ಲಿ ಅರ್ಧ ದಾರಿಯ ರೆಡ್ ಡಿಯರ್‌ನಲ್ಲಿ ನಿಲ್ಲಲೇಬೇಕು. ನನಗೆ ಅದು ಹಾಸನ ಇದ್ದ ಹಾಗೆ, ಏನೇ ಆದರೂ ಅಲ್ಲಿ ಒಂದು ಕಾಫಿ.

ಹಾಸನ_ಹೈವೇ (10.15)

ಅಣ್ಣ, ನಮ್ಮ ಹಾಸನದ ಕಾಫಿ ಅಲ್ಲಿ ಸಿಕ್ಕಲ್ಲ ಬಿಡಿ.

ವರ್ಗಾವಣೆ_ಪ್ರಾಣಿ (10.40)

ಎಷ್ಟೊಂದು ವಿಷಯ! ಮೂಡಿಗೆರೆ ಅಣ್ಣ, ನೀವು ಬರೆದದ್ದು ಓದಿ ನನ್ನ ಶಾಲು ನೆನೆಸಿಕೊಂಡು ನಾಚಿಕೆ ಆಯ್ತು. ಇನ್ನೊಂದು ಕೇಳಲಾ? ಬೆಂಗಳೂರಿಂದ ಗೆಳತಿಯರು ಬರ್ತಿದಾರೆ, ಮುಳ್ಳಯ್ಯನಗಿರಿಗೆ ಹೋಗಬೇಕು. ಏರಿಗೆ ಎಷ್ಟು ತಿನ್ನುತ್ತೆ?

ಮೈನಸ್_ಮೂವತ್ತು (10.58)

ಲೆಕ್ಕ ಸುಲಭ. ಊರು ಸುಮಾರು 1,090 ಮೀಟರ್, ಗಿರಿ 1,930. ಎತ್ತರದ ವ್ಯತ್ಯಾಸ 840 ಮೀಟರ್. ಜನ ಸೇರಿ 1,600 ಕೆ.ಜಿ. ಗಾಡಿಯನ್ನ ಅಷ್ಟು ಎತ್ತಲಿಕ್ಕೇ ಮೂರೂಮುಕ್ಕಾಲು ಯೂನಿಟ್ ಹತ್ತಿರ ಬೇಕು, ಗಾಡಿ ಓಡೋ ಖರ್ಚು ಬೇರೆ. ನಿಮ್ಮ ಬ್ಯಾಟರಿಯಲ್ಲಿ ಎತ್ತರದ್ದೇ 12 ಪರ್ಸೆಂಟ್ ಅಂದ್ಕೊಳಿ. ಪಾರ್ಕಿಂಗ್ ತುದಿಗಿಂತ ಕೆಳಗೇ ಇದೆ, ಹಾಗಾಗಿ ಸ್ವಲ್ಪ ಕಡಿಮೆ. ಇಳಿಯುವಾಗ ಮೋಟಾರೇ ಗಾಡಿಯನ್ನ ಹಿಡಿದು ಕರೆಂಟ್ ಮಾಡಿ ಬ್ಯಾಟರಿಗೆ ಕೊಡುತ್ತೆ, ಅದರಲ್ಲಿ ಅರ್ಧದ ಮೇಲೆ ವಾಪಸ್.

ಹಾಸನ_ಹೈವೇ (11.02)

ವಾಪಸ್ ಬರೋದು ಬ್ಯಾಟರೀಲಿ ಜಾಗ ಇದ್ರೆ ಮಾತ್ರ ಅಕ್ಕ, ಇದನ್ನ ಮರೀಬೇಡಿ. ಒಂದ್ಸಲ ಗಿರಿ ರಸ್ತೆಯ ಒಂದು ಹೋಂಸ್ಟೇಲಿ ಖುಷೀಲಿ ರಾತ್ರಿಯೆಲ್ಲ ಹಾಕಿ 100 ಮಾಡ್ಕೊಂಡು ಬೆಳಿಗ್ಗೆ ಇಳಿಯೋಕೆ ಶುರು ಮಾಡಿದೆ. ಆಕ್ಸಿಲರೇಟರ್ ಬಿಟ್ರೂ ಗಾಡಿ ಹಿಡೀತಿಲ್ಲ, ಬರೀ ಬ್ರೇಕಲ್ಲೇ ಇಳೀಬೇಕು. ತುಂಬಿದ ಕೊಡಕ್ಕೆ ನೀರು ಹುಯ್ಯೋಕಾಗುತ್ತಾ? ಮಂಜು, ತಿರುವು, ಎದುರಿಗೆ ಜೀಪು. ಮೈ ಬೆವರಿಬಿಡ್ತು. ಘಟ್ಟದ ಮೇಲೆ ಮಲಗಿದ್ರೆ 85ಕ್ಕೆ ನಿಲ್ಲಿಸಿಬಿಡ್ತೀನಿ ಈಗ. ಚಾರ್ಮಾಡಿ, ಶಿರಾಡಿ ಇಳಿಯೋರಿಗೂ ಇದೇ ಮಾತು.

ಹೋಂಸ್ಟೇ_ಆಂಟಿ (11.10)

ಇದು ನನಗೆ ಗೊತ್ತೇ ಇರಲಿಲ್ಲ. ನಾಳೆ ಶೆಡ್ಡಲ್ಲಿ ಬರೆದು ಅಂಟಿಸ್ತೀನಿ. ಬಿಲ್ಲೂ ಕಡಿಮೆ ಆಗುತ್ತಲ್ಲ ಅವರಿಗೆ.

ಸ್ಕೂಟಿ_ಸವಾರ (11.14)

ನಿಮಗೆ ದುಡ್ಡು ಕಡಿಮೆ ಆಗುತ್ತಲ್ಲ ಆಂಟಿ 😄

ವರ್ಗಾವಣೆ_ಪ್ರಾಣಿ (ಹತ್ತು ದಿನದ ನಂತರ, ಸಂಜೆ 7.20)

ಎಲ್ಲರೂ ಸಹಾಯ ಮಾಡಿದಿರಿ, ಏನಾಯ್ತು ಅಂತ ಹೇಳದೆ ಇರೋದು ಸರಿಯಲ್ಲ.

ಮೊದಲು ಊರಿನ ಚುಕ್ಕೆಗಳನ್ನ ಹಗಲು ಹೊತ್ತಲ್ಲಿ, ಚಾರ್ಜ್ ಬೇಡದೇ ಇದ್ದಾಗ, ಮಗನನ್ನ ಕೂರಿಸಿಕೊಂಡು ಒಂದೊಂದಾಗಿ ನೋಡಿ ಬಂದೆ. ಮ್ಯಾಪಲ್ಲಿ ಒಂಬತ್ತು. ಅದರಲ್ಲಿ ಮೂರು ಸ್ಕೂಟರ್‌ದು. ಒಂದು ಶೋರೂಮಿನ ಗೇಟಿನ ಒಳಗೆ, ಸಂಜೆ ಏಳಕ್ಕೆ ಬೀಗ, ಭಾನುವಾರ ರಜ. ಒಂದಕ್ಕೆ ಗನ್ನೇ ಬೇರೆ. ಒಂದು ರೆಸಾರ್ಟಿನದು, ಅಲ್ಲೇ ಉಳಿದವರಿಗೆ ಮಾತ್ರ. ಉಳಿದದ್ದು ಮೂರು. ಆ ಮೂರು ಕಡೆಯೂ ವಾಚ್‌ಮನ್ ಹೆಸರು, ನಂಬರ್ ಬರೆದುಕೊಂಡೆ. ಈ ಒಂದು ಕೆಲಸ ಎಲ್ಲಾ ಆ್ಯಪಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಈಗ ಹೊರಡೋ ಮುಂಚೆ ಫೋನ್ ಮಾಡ್ತೀನಿ: "ಅಣ್ಣ, ಜಾಗ ಖಾಲಿ ಇದ್ಯಾ? ಎಂಸಿಬಿ ಮೇಲಿದ್ಯಾ?" ಕಳೆದ ಶನಿವಾರ ಅವರೇ ಎರಡು ಕೋನ್ ಇಟ್ಟು ಜಾಗ ಹಿಡಿದಿದ್ದರು. ಹೋದಾಗ ಟೀಗೆ ಅಂತ ಏನಾದರೂ ಕೊಡ್ತೀನಿ.

ಒಂದು ಸಲ ಮಾತ್ರ ಎಲ್ಲಾ ಸರಿ ಇದ್ದೂ ಕೈಕೊಟ್ಟಿತು. ಮಧ್ಯಾಹ್ನ ಎರಡು ಗಂಟೆ ಕರೆಂಟ್ ಹೋಗಿ ಬಂದಿತ್ತು. ಚಾರ್ಜರ್ ಪರದೆ ಉರೀತಿದೆ, ಆದರೆ ಮೊಬೈಲ್ ಟವರ್ ಇನ್ನೂ ಎದ್ದಿರಲಿಲ್ಲ. ಚಾರ್ಜರ್ ಒಳಗೂ ಒಂದು ಸಿಮ್ ಇರುತ್ತಂತೆ, ಅದು ಎಲ್ಲೋ ದೂರದ ಸರ್ವರನ್ನ ಕೇಳಿ ಒಪ್ಪಿಗೆ ಪಡೆದ ಮೇಲೇ ಕರೆಂಟ್ ಬಿಡೋದು. ಮುಂದೆ ಕರೆಂಟ್, ಹಿಂದೆ ಗಾಡಿ, ನಡುವೆ ಅನುಮತಿ ಇಲ್ಲ. ಥೇಟ್ ನಮ್ಮ ಆಫೀಸು. ಮುಕ್ಕಾಲು ಗಂಟೆ ಕಾದೆ.

ಖರ್ಚು: ನಾನು ಕೊಟ್ಟಿದ್ದು ಯೂನಿಟ್‌ಗೆ 21 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ, ಅಂದರೆ ಹೆಚ್ಚುಕಡಿಮೆ 25. ಕಿ.ಮೀ.ಗೆ ಮೂರೂವರೆ ಬೀಳುತ್ತೆ. ಬೆಂಗಳೂರಿನ ಮನೆ ಲೆಕ್ಕಕ್ಕೆ ಹೋಲಿಸಿದರೆ ಹೊಟ್ಟೆ ಉರಿಯುತ್ತೆ, ಪೆಟ್ರೋಲಿಗೆ ಹೋಲಿಸಿದರೆ ಅರ್ಧ.

ಇದೆಲ್ಲದರ ನಡುವೆ ಮನೆ ಮಾಲೀಕರು, 70 ದಾಟಿದವರು, ಒಂದು ದಿನ ಮಹಡಿ ಮೆಟ್ಟಿಲಲ್ಲಿ ನಿಲ್ಲಿಸಿ "ಅಲ್ಲಮ್ಮಾ, ರಾತ್ರಿ ಹನ್ನೊಂದಕ್ಕೆಲ್ಲ ಎಲ್ಲಿಂದ ಬರ್ತೀಯಾ ನೀನು" ಅಂತ ಕೇಳಿದರು. ಚಾರ್ಜಿಂಗ್ ಅಂದೆ. "ಇಷ್ಟೇನಾ, ಮೊದಲೇ ಕೇಳೋದಲ್ವಾ" ಅಂದರು. ನಾನು ಕೇಳಿರಲೇ ಇಲ್ಲ. ಬಾಡಿಗೆ ಮನೆ, ಹೊಸ ಊರು, ಯಾಕೆ ಕೇಳೋದು ಅಂತ ಸುಮ್ಮನಿದ್ದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿ ಪ್ರಕಾರ ಇವಿ ಚಾರ್ಜಿಂಗ್‌ಗೆ ಬೇರೆ ಸಂಪರ್ಕವನ್ನೇ ಕೇಳಬಹುದಂತೆ, ಆದರೆ ಒಂದು ಗಾಡಿಗೆ ಅಷ್ಟೆಲ್ಲ ಬೇಡ ಅಂತ ಅವರ ಮೀಟರಿಂದಲೇ ಸಬ್‌ಮೀಟರ್ ಹಾಕೋದು ಅಂತ ಮಾತಾಯ್ತು. ಲೋಡ್ ಹೆಚ್ಚಿಸೋಕೆ ಮೆಸ್ಕಾಂಗೆ ಅರ್ಜಿ ಅವರ ಹೆಸರಲ್ಲಿ, ಖರ್ಚು ನನ್ನದು.

ಡೀಸೆಲ್_ದಾಸ (7.41)

ಅಂತೂ ಇಂತೂ ಒಂದು ಪ್ಲಗ್ ಪಾಯಿಂಟಿಗೆ ಹತ್ತು ದಿನ. ನನ್ನ ಮಾತು ನನ್ನದೇ.

ವರ್ಗಾವಣೆ_ಪ್ರಾಣಿ (ಇನ್ನೊಂದು ವಾರದ ನಂತರ, ರಾತ್ರಿ 8.05)

ಲೈನ್‌ಮನ್ ಸಾರ್, ನಿಮಗೊಂದು ಪ್ರಶ್ನೆ. ಲೋಡ್ ಮಂಜೂರಾಗಿ ಇವತ್ತು ಪಾಯಿಂಟ್ ಹಾಕಿದರು. ನೀವು ಹೇಳಿದ ಹಾಗೇ 4 ಸ್ಕ್ವೇರ್ ಎಂಎಂ, ಆರ್‌ಸಿಸಿಬಿ ಎಲ್ಲಾ ಆಗಿದೆ. ಹೊಸ ಅರ್ಥ್ ಗುಂಡಿ ಕಾಂಪೌಂಡಿನ ಮೂಲೆಯಲ್ಲಿ, ದಾಸವಾಳದ ಪಕ್ಕ. ಎಲೆಕ್ಟ್ರಿಷಿಯನ್ ಮೀಟರ್ ಇಟ್ಟು ನೋಡಿದಾಗ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ 2.8 ವೋಲ್ಟ್ ತೋರಿಸ್ತು. ಸೊನ್ನೆ ಇರಬೇಕಲ್ವಾ? ಸಿಕ್ಕಿಸಲಾ ಬೇಡವಾ ಅಂತ ಗನ್ ಕೈಯಲ್ಲಿ ಹಿಡ್ಕೊಂಡು ನಿಂತಿದೀನಿ.

ನಿವೃತ್ತ_ಲೈನ್‌ಮನ್ (8.11)

ಸೊನ್ನೆ ಪುಸ್ತಕದಲ್ಲಿ ಮಾತ್ರ ಇರೋದು ತಾಯಿ. 2.8 ಚೆನ್ನಾಗಿದೆ, ಸಿಕ್ಕಿಸಿ. ಒಂದು ಗಂಟೆ ಬಿಟ್ಟು ಪ್ಲಗ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡೋಕೆ ಆಗದಷ್ಟು ಬಿಸಿ ಇದ್ದರೆ ಆಫ್ ಮಾಡಿ ನನಗೆ ಹೇಳಿ. ಗುಡುಗು ಶುರುವಾದರೆ ಕಿತ್ತಿಡಿ. ಶಿವರಾತ್ರಿ ಕಳೆದ ಮೇಲೆ ವಾರಕ್ಕೊಂದು ಕೊಡ ನೀರು ಆ ಗುಂಡಿಗೂ ಹಾಕಿ, ದಾಸವಾಳಕ್ಕೆ ಹಾಕುವಾಗಲೇ.

ವರ್ಗಾವಣೆ_ಪ್ರಾಣಿ (9.20)

ಬೆಚ್ಚಗಿದೆ. 34 ಪರ್ಸೆಂಟ್.